ಮಂಗಳನ ಮುಖವನ್ನು ಚಿತ್ರಿಸಿದ ಯೇಸುಸಭೆಯ ಗುರು

2014ರ ಸೆಪ್ಟೆಂಬರ್ 24ರಂದು ಭಾರತದ ಮಂಗಳಯಾನ ನೌಕೆಯು ಕೆಂಪು ಗ್ರಹದ ಕಕ್ಷೆಯನ್ನು ಸೇರಿ ಅದರ ವರ್ಣಚಿತ್ರಗಳನ್ನು ಭೂಮಿಗೆ ಕಳುಹಿಸಿದಾಗ, ಬೆಂಗಳೂರಿನ ನಿಯಂತ್ರಣ ಕೇಂದ್ರದ ವಿಜ್ಞಾನಿಗಳ ಸಂಭ್ರಮದಲ್ಲಿ ನಾವೆಲ್ಲರೂ ಪಾಲುಗೊಂಡೆವು. ಅದಕ್ಕೂ 156 ವರ್ಷಗಳ ಹಿಂದೆ, ರೋಮ್ ನಗರದ ಒಂದು ದೇವಾಲಯದ ಮಾಳಿಗೆಯ ಮೇಲೆ ಕುಳಿತು ಅದೇ ಗ್ರಹವನ್ನು ಬಣ್ಣಗಳಲ್ಲಿ ಚಿತ್ರಿಸಿದ ಕಥೋಲಿಕ ಗುರುವೊಬ್ಬರಿದ್ದರು ಎಂಬುದನ್ನು ನಮ್ಮಲ್ಲಿ ಅರಿತವರು ವಿರಳ. ಅವರೇ ವಂದನೀಯ ಆಂಜೆಲೊ ಸೆಕ್ಕಿ.

ಇಟಲಿಯ ರೆಜ್ಜೊ ಎಮಿಲಿಯಾ ಪಟ್ಟಣದಲ್ಲಿ 1818ರ ಜೂನ್ ತಿಂಗಳಲ್ಲಿ ಜನಿಸಿದ ಸೆಕ್ಕಿಯವರ ತಂದೆ ಮರಗೆಲಸದವರು. ಸಂತ ಜೋಸೆಫರ ಕಸುಬಿನ ಈ ಮನೆಯ ಮಗ ಹದಿನೈದನೆಯ ವಯಸ್ಸಿನಲ್ಲಿ ಯೇಸುಸಭೆಯನ್ನು ಸೇರಿ, 1847ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷವೇ ರೋಮ್ ನಗರದಲ್ಲಿ ಕ್ರಾಂತಿ ಸಂಭವಿಸಿ ಯೇಸುಸಭೆಯವರು ದೇಶ ತೊರೆಯಬೇಕಾಯಿತು. ಇಂಗ್ಲೆಂಡಿನ ಸ್ಟೋನಿಹರ್ಸ್ಟ್, ಬಳಿಕ ಅಮೆರಿಕದ ಜಾರ್ಜ್‌ಟೌನ್ ಕಾಲೇಜುಗಳು ಸೆಕ್ಕಿಯವರಿಗೆ ಆಶ್ರಯ ನೀಡಿದವು. ರೋಮಿನ ಯೇಸುಸಭೆಯ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಫ್ರಾನ್ಸೆಸ್ಕೊ ದೆ ವಿಕೊ ಸ್ವಾಮಿಗಳು 1848ರಲ್ಲಿ ಲಂಡನ್ನಿನಲ್ಲಿ ಪರದೇಶವಾಸಿಯಾಗಿಯೇ ಕಣ್ಮುಚ್ಚಿದರು. ಅವರ ಸ್ಥಾನವನ್ನು ತುಂಬಲು ಸೆಕ್ಕಿಯವರು ರೋಮಿಗೆ ಮರಳಿದರು.

ಹಳೆಯ ವೀಕ್ಷಣಾಲಯದ ಕಟ್ಟಡವು ದೊಡ್ಡ ದೂರದರ್ಶಕಕ್ಕೆ ತಕ್ಕಷ್ಟು ಸ್ಥಿರವಾಗಿರಲಿಲ್ಲ. ಪಕ್ಕದಲ್ಲಿದ್ದ ಸಂತ ಇಗ್ನಾಸಿಯವರ ದೇವಾಲಯಕ್ಕೆ ಯೋಜಿಸಲಾಗಿದ್ದ ಬೃಹತ್ ಗುಮ್ಮಟವನ್ನು ಕಟ್ಟಿರಲೇ ಇಲ್ಲ; ಅದನ್ನು ಹೊರಲೆಂದು ಎಬ್ಬಿಸಿದ ಮಹಾಸ್ತಂಭಗಳು ಮಾತ್ರ ನಿಂತಿದ್ದವು. ಆ ಸ್ತಂಭಗಳ ಆಧಾರದ ಮೇಲೆ ಸೆಕ್ಕಿಯವರು ಹೊಸ ವೀಕ್ಷಣಾಲಯವನ್ನು ನಿಲ್ಲಿಸಿದರು. ಕೆಳಗೆ ಬಲಿಪೂಜೆ, ಮೇಲೆ ನಕ್ಷತ್ರವೀಕ್ಷಣೆ. ಎರಡೂ ಒಂದೇ ತಳಹದಿಯ ಮೇಲೆ ನಡೆದವು.

1858ರಲ್ಲಿ ಮಂಗಳಗ್ರಹವು ಭೂಮಿಗೆ ಸಮೀಪಿಸಿದಾಗ ಅವರು ತಮ್ಮ ದೂರದರ್ಶಕವನ್ನು ಅದರತ್ತ ತಿರುಗಿಸಿದರು. ಸುಮಾರು 26 ತಿಂಗಳಿಗೊಮ್ಮೆ ಒದಗುವ ಅವಕಾಶವದು. ಆಗಲೂ ಗ್ರಹವು ಒಂದು ಸಣ್ಣ ಬಿಲ್ಲೆಯಂತೆ ಮಾತ್ರ ಕಾಣುತ್ತದೆ. ನಮ್ಮ ವಾಯುಮಂಡಲದ ಕಂಪನದಿಂದ ಬಿಂಬ ನಡುಗುತ್ತದೆ. ಗಾಳಿ ಕ್ಷಣಕಾಲ ಶಾಂತವಾದಾಗ ಕಂಡದ್ದನ್ನು ಮನಸ್ಸಿನಲ್ಲಿ ಹಿಡಿದು ಕಾಗದಕ್ಕೆ ಇಳಿಸಬೇಕು. ಅಂತಹ ವಿವರಗಳನ್ನು ಹಿಡಿಯುವ ಶಕ್ತಿ ಅಂದಿನ ಛಾಯಾಚಿತ್ರಕ್ಕಿರಲಿಲ್ಲ. ಹೀಗೆ ಮೂಡಿದ ಸೆಕ್ಕಿಯವರ ಚಿತ್ರಗಳು ಮಂಗಳನ ಮೊತ್ತಮೊದಲ ವರ್ಣಚಿತ್ರಗಳ ಸಾಲಿಗೆ ಸೇರಿವೆ.

ಆ ಚಿತ್ರಗಳಲ್ಲಿನ ದೊಡ್ಡ ಕಪ್ಪು ಪ್ರದೇಶವೊಂದನ್ನು ಅವರು ಅಟ್ಲಾಂಟಿಕ್ ಕಾಲುವೆ ಎಂದು ಕರೆದರು. ಇಟಾಲಿಯನ್ ಭಾಷೆಯ ಕನಾಲೆ ಎಂಬ ಪದವು ಪ್ರಕೃತಿ ನಿರ್ಮಿಸಿದ ಜಲಮಾರ್ಗಕ್ಕೂ ಮನುಷ್ಯರು ತೋಡಿದ ಕಾಲುವೆಗೂ ಸಲ್ಲುತ್ತದೆ. 1877ರಲ್ಲಿ ಮಿಲಾನಿನ ಸ್ಕಿಯಾಪರೆಲ್ಲಿಯವರು ಅದೇ ಪದದಿಂದ ಅನೇಕ ತೆಳು ಗೆರೆಗಳನ್ನು ಹೆಸರಿಸಿದರು. ಮುಂದೆ ಅಮೆರಿಕದ ಪರ್ಸಿವಲ್ ಲೋವೆಲ್‌ರು ಅವು ಬುದ್ಧಿಜೀವಿಗಳು ತೋಡಿದ ಕಾಲುವೆಗಳೆಂದೇ ವಾದಿಸಿದರು.

1965ರ ಜುಲೈಯಲ್ಲಿ ಮ್ಯಾರಿನರ್ 4 ನೌಕೆಯು ಕಳುಹಿಸಿದ 22 ಚಿತ್ರಗಳು ಆ ಕಲ್ಪನೆಗೆ ಬಲವಾದ ಪೆಟ್ಟು ಕೊಟ್ಟವು. ಕಾಲುವೆಗಳ ಬದಲು ಕಂಡದ್ದು ಕುಳಿಗಳು ತುಂಬಿದ ಬರಡು ನೆಲ. 1971ರಲ್ಲಿ ಮಂಗಳನ ಕಕ್ಷೆ ಸೇರಿದ ಮ್ಯಾರಿನರ್ 9 ಏಳು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆಯಿತು. 2006ರಲ್ಲಿ ಅಲ್ಲಿಗೆ ತಲುಪಿದ ಮಾರ್ಸ್ ರಿಕಾನಸೆನ್ಸ್ ಆರ್ಬಿಟರ್ ನೌಕೆಯು ಸುಮಾರು 300 ಕಿ.ಮೀ. ಎತ್ತರದಿಂದ ಒಂದು ಮೀಟರ್ ಗಾತ್ರದ ಬಂಡೆಗಳನ್ನೂ ತೋರಿಸಿತು. ಸೆಕ್ಕಿಯವರ ಕಾಲುವೆಯು ಜಲವಲ್ಲ, ಜ್ವಾಲಾಮುಖಿಯಿಂದ ಹರಿದು ಹೆಪ್ಪುಗಟ್ಟಿದ ಕಪ್ಪು ಶಿಲೆಯ ಪ್ರಸ್ಥಭೂಮಿ. ಅವರು ಕೊಟ್ಟ ಹೆಸರು ತಪ್ಪಿತು. ಆದರೆ ಅವರು ಗುರುತಿಸಿದ ಆ ಕಪ್ಪು ಪ್ರದೇಶ ನೌಕೆಗಳ ಚಿತ್ರಗಳಲ್ಲಿಯೂ ಇದೆ. ಕಂಡದ್ದನ್ನು ಕಂಡಂತೆ ಬರೆದವರ ದುಡಿಮೆ ವ್ಯರ್ಥವಾಗುವುದಿಲ್ಲ.

ಅವರ ಸಾಧನೆ ಮಂಗಳಗ್ರಹಕ್ಕೇ ಸೀಮಿತವಲ್ಲ. ಸುಮಾರು 4,000 ನಕ್ಷತ್ರಗಳ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಅದರ ಗುಣಕ್ಕನುಸಾರವಾಗಿ ಅವುಗಳನ್ನು ವರ್ಗೀಕರಿಸಿದರು. 1865ರಲ್ಲಿ ಪೋಪ್‌ರವರ ನೌಕಾಪಡೆಯ ಹಡಗಿನಿಂದ ಬಿಳಿಯ ಬಿಲ್ಲೆಗಳನ್ನು ಸಮುದ್ರಕ್ಕಿಳಿಸಿ ನೀರಿನ ಪಾರದರ್ಶಕತೆಯನ್ನು ಅಳೆದರು. ಸೆಕ್ಕಿ ಬಿಲ್ಲೆಯೆಂಬ ಆ ಸರಳ ಸಾಧನ ಇಂದಿಗೂ ಬಳಕೆಯಲ್ಲಿದೆ.

ಕಠಿಣ ಪರೀಕ್ಷೆ ಎದುರಾದದ್ದು ಜೀವನದ ಕೊನೆಯ ವರ್ಷಗಳಲ್ಲಿ. 1870ರಲ್ಲಿ ಇಟಲಿಯ ಸೇನೆ ರೋಮ್ ನಗರವನ್ನು ವಶಪಡಿಸಿಕೊಂಡಿತು. 1873ರಲ್ಲಿ ವೀಕ್ಷಣಾಲಯವೂ ಸರಕಾರದ ಸ್ವತ್ತೆಂದು ಘೋಷಿತವಾಯಿತು. ಹೊಸ ಸರಕಾರ ಅವರಿಗೆ ಉನ್ನತ ಪದವಿಗಳನ್ನು ನೀಡಲು ಮುಂದಾಯಿತು. ಪೋಪ್‌ರವರ ಬದಲಿಗೆ ಅರಸರಿಗೆ ನಿಷ್ಠೆ ಸಲ್ಲಿಸಲು ಅವರು ಒಪ್ಪಲಿಲ್ಲ. ವಿದೇಶಗಳ ವೀಕ್ಷಣಾಲಯಗಳೂ ಕರೆದವು. ಆದರೂ ಅವರು ದೇವಾಲಯದ ಮಾಳಿಗೆಯನ್ನು ಬಿಟ್ಟುಹೋಗಲಿಲ್ಲ. ವಿಜ್ಞಾನಲೋಕದ ಗೌರವಕ್ಕೆ ಪಾತ್ರರಾದ ಅವರನ್ನು ಹೊರಹಾಕುವ ಧೈರ್ಯ ಸರಕಾರಕ್ಕೂ ಬರಲಿಲ್ಲ. 1878ರ ಫೆಬ್ರವರಿ 26ರಂದು ನಿರ್ದೇಶಕರಾಗಿರುವಾಗಲೇ, ಯೇಸುಸಭೆಯ ಗುರುವಾಗಿಯೇ ಅವರು ದೈವಾಧೀನರಾದರು. 1891ರಲ್ಲಿ ಹದಿಮೂರನೆಯ ಲಿಯೋ ಪೋಪ್‌ರವರು ವ್ಯಾಟಿಕನ್ ವೀಕ್ಷಣಾಲಯವನ್ನು ಸ್ಥಾಪಿಸಿ ಆ ಪರಂಪರೆಯನ್ನು ಮುಂದುವರಿಸಿದರು.

ಮಂಗಳಗ್ರಹದಲ್ಲಿ 200 ಕಿ.ಮೀ.ಗಿಂತಲೂ ಅಗಲವಾದ ಒಂದು ಕುಳಿ ಇಂದು ಸೆಕ್ಕಿಯವರ ಹೆಸರನ್ನು ಹೊತ್ತಿದೆ. ವಿಜ್ಞಾನ ಕಲಿತರೆ ಮಕ್ಕಳ ವಿಶ್ವಾಸ ಕುಗ್ಗೀತೆಂದು ಅಂಜುವ ಹೆತ್ತವರು ಈ ಗುರುವಿನ ಬಾಳನ್ನು ಒಮ್ಮೆ ನೆನೆಯಬೇಕು. ಸೃಷ್ಟಿಯನ್ನು ಸತ್ಯನಿಷ್ಠೆಯಿಂದ ನೋಡುವುದೂ ಸೃಷ್ಟಿಕರ್ತನಿಗೆ ಸಲ್ಲಿಸುವ ಆರಾಧನೆಯೇ. ಮಕ್ಕಳೊಡನೆ ಮಂಗಳನ ಚಿತ್ರಗಳನ್ನು ನೋಡುವಾಗ, ಗುಮ್ಮಟವಿಲ್ಲದ ಆ ದೇವಾಲಯದ ಮೇಲೆ ಎಚ್ಚರವಿದ್ದ ಮರಗೆಲಸದವರ ಮಗನನ್ನೂ ನಾವು ಸ್ಮರಿಸೋಣ.