ಕಲಾಪೋಷಕ ರಾಜರ್ಷಿ ನಾಲ್ವಡಿ ಕೃಷ್ಣರಾಜ ಒಡೆಯರು

ಪ್ರಾತಃಸ್ಮರಣೀಯರಾದ ನಾಲ್ವಡಿ ಕೃಷ್ಣರಾಜ ಒಡೆಯರು 1884ನೆಯ ಜೂನ್ 4ರಂದು ಜನಿಸಿದರು. ತಂದೆ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಕಾಲಮರಣಕ್ಕೀಡಾದಾಗ ಬಾಲರಾಜರಿಗೆ ಕೇವಲ ಹತ್ತು ವರ್ಷ. ಮಾತೃಶ್ರೀ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳಾಗಿ ರಾಜ್ಯಭಾರವನ್ನು ನಡೆಸುತ್ತ, ಮಗನನ್ನು ವಿದ್ಯಾವಿನಯಸಂಪನ್ನರನ್ನಾಗಿ ಬೆಳೆಸಿದರು.

1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ಆಗ ರಾಜಪರಿವಾರಕ್ಕೆ ಆಶ್ರಯವಿತ್ತದ್ದು ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದ ಜಗನ್ಮೋಹನ ಅರಮನೆ. 1902ರ ಆಗಸ್ಟ್ 8ರಂದು ಪ್ರಭುಗಳು ರಾಜ್ಯಾಧಿಕಾರವನ್ನು ಸ್ವೀಕರಿಸಿದ್ದೂ ಅಲ್ಲಿಯೇ. 1912ರಲ್ಲಿ ನೂತನ ಅರಮನೆಯು ಪೂರ್ಣಗೊಂಡಿತು. ತೆರವಾದ ಮನೆಯನ್ನು ವಿಲಾಸಮಂದಿರವನ್ನಾಗಿ ಉಳಿಸಿಕೊಳ್ಳುವುದು ಅರಸರಿಗೆ ಕಷ್ಟವಾಗಿರಲಿಲ್ಲ. ಆದರೆ 1915ರಲ್ಲಿ ಅದು ಚಿತ್ರಶಾಲೆಯಾಯಿತು.

ಈ ಸಂಗ್ರಹದ ವೈಶಿಷ್ಟ್ಯವೆಂದರೆ ಸ್ವದೇಶ ವಿದೇಶಗಳ ಕೈಗಾರಿಕೆಗಳು ಒಂದೇ ಸೂರಿನಡಿ ಸೇರಿರುವುದು. ಫ್ರಾನ್ಸ್ ದೇಶದ ಗಡಿಯಾರವೊಂದು ನೋಡುಗರನ್ನು ಬೆರಗುಗೊಳಿಸುತ್ತದೆ. ಗಂಟೆಗೊಮ್ಮೆ ಪುಟ್ಟ ಸೈನಿಕರ ಸಾಲು ಕವಾಯತು ನಡೆಸುವಂತೆ ಅದನ್ನು ರಚಿಸಲಾಗಿದೆ. ಯುರೋಪಿನ ಪಿಂಗಾಣಿ ಪಾತ್ರೆಗಳು ಒಂದೆಡೆ. ಪ್ರಭುಗಳ ಅಪೇಕ್ಷೆಯಂತೆ ರಾಜಾ ರವಿವರ್ಮರು ರಚಿಸಿಕೊಟ್ಟ ಪೌರಾಣಿಕ ಚಿತ್ರಗಳು ಹಾಗೂ ಮೈಸೂರು ಸಂಪ್ರದಾಯದ ಹೊನ್ನಿನ ಲೇಪದ ಪಟಗಳು ಇನ್ನೊಂದೆಡೆ. ಪರದೇಶದ ಕುಸುರಿಯನ್ನು ಮೆಚ್ಚುವ ಕಣ್ಣು ನಾಡಿನ ಕುಸುರಿಯನ್ನು ಹೀಗಳೆಯಬೇಕಾಗಿಲ್ಲವೆಂಬ ಪಾಠವನ್ನು ಈ ನೆರೆಹೊರೆಯೇ ಹೇಳುತ್ತದೆ.

ಪ್ರಭುಗಳು ವಸ್ತುಗಳನ್ನು ಸಂಗ್ರಹಿಸುವುದರಲ್ಲಿಯೇ ತೃಪ್ತರಾಗಲಿಲ್ಲ. ಅವುಗಳನ್ನು ನಿರ್ಮಿಸುವ ಕೈಗಳನ್ನೂ ಸಾಕಿದರು. ಅವರ ಕಾಲದಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯು ಚಿತ್ರಕಲೆ, ಮರಗೆತ್ತನೆಗಳ ಶಿಕ್ಷಣಕ್ಕೆ ನೆಲೆಯಾಯಿತು. ಮಲೆನಾಡಿನ ಬೀಟೆಮರವು ಮೈಸೂರಿನ ಕುಶಲಕರ್ಮಿಗಳ ಕೈಯಲ್ಲಿ ಕೆತ್ತನೆ, ಕೂರಣೆಗಳ ಚೆಲುವನ್ನು ಪಡೆಯಿತು. ಚಿತ್ರಗಾರರ ಮನೆತನದ ಕೆ. ವೆಂಕಟಪ್ಪನವರು ಪ್ರಭುಗಳ ನೆರವಿನಿಂದ ಕಲ್ಕತ್ತೆಗೆ ತೆರಳಿ, ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಕೀರ್ತಿಯನ್ನು ಗಳಿಸಿದರು.

ಅದೇ 1915ನೆಯ ಇಸವಿಯು ಕನ್ನಡ ಸಾಹಿತ್ಯ ಪರಿಷತ್ತಿನ ಉದಯವನ್ನೂ ಕಂಡಿತು. ಪ್ರಭುಗಳ ಸೋದರರಾದ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗಾಗಿ ಮಲೆನಾಡಿನ ಎಡೇಹಳ್ಳಿಯು ನರಸಿಂಹರಾಜಪುರವಾದುದೂ ಆ ವರ್ಷವೇ. ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಗೊಂಡಿತು.

1940ರ ಮಾರ್ಚಿಯಲ್ಲಿ ಯುವರಾಜರು ತೀರಿಕೊಂಡರು. ಆ ವಿಯೋಗದ ಬೆನ್ನಲ್ಲೇ ಆಗಸ್ಟ್ 3ರಂದು ಪ್ರಭುಗಳೂ ಕಾಲವಶರಾದರು. ಸಂತಾನಭಾಗ್ಯವಿರದ ಅವರ ತರುವಾಯ ಯುವರಾಜರ ಪುತ್ರ ಜಯಚಾಮರಾಜೇಂದ್ರ ಒಡೆಯರು ಪಟ್ಟವನ್ನೇರಿದರು. 1955ರಲ್ಲಿ ಚಿತ್ರಶಾಲೆಯು ಆ ಉತ್ತರಾಧಿಕಾರಿಗಳ ಹೆಸರನ್ನು ಧರಿಸಿತು. ಹೀಗೆ ಮಲೆನಾಡಿನ ಊರಿಗೆ ತಮ್ಮನ ಹೆಸರು ನಿಂತಿತು, ಚಿತ್ರಶಾಲೆಗೆ ತಮ್ಮನ ಮಗನ ಹೆಸರು ನಿಂತಿತು. ಅರಮನೆಯ ಬಾಗಿಲನ್ನು ಜನರಿಗೆ ತೆರೆದಿಟ್ಟವರ ಹೆಸರು ಆ ಬಾಗಿಲ ಮೇಲಿಲ್ಲ. ಕೊಟ್ಟದ್ದು ಉಳಿದರೆ ಸಾಕು, ಕೊಟ್ಟವನ ಹೆಸರು ಬೇಡವೆಂಬುದೇ ದಾಸೋಹದ ತಿರುಳು. ವಿದ್ಯಾರ್ಥಿಗಳು ಈ ರಾಜರ್ಷಿಗಳ ಬಾಳಿನಿಂದ ಗ್ರಹಿಸಬೇಕಾದುದು ಅದನ್ನೇ.