ಜೈನ ಕಾನೂನಿಗೆ ಗ್ರಂಥರೂಪ ಕೊಟ್ಟ ಬ್ಯಾರಿಸ್ಟರ್ ಚಂಪತ್ ರಾಯ್ ಜೈನ್

ಜೈನ ಸಮಾಜಕ್ಕೆ ತನ್ನದೇ ಆದ ಆಸ್ತಿ ಕಾನೂನು ಇತ್ತೇ? ಈ ಪ್ರಶ್ನೆಗೆ ಶಾಸ್ತ್ರಾಧಾರ ಸಹಿತ ಉತ್ತರ ಕೊಟ್ಟವರು ವಿದ್ಯಾವಾರಿಧಿ ಬ್ಯಾರಿಸ್ಟರ್ ಚಂಪತ್ ರಾಯ್ ಜೈನ್.

1867ರಲ್ಲಿ ದೆಹಲಿಯ ದಿಗಂಬರ ಜೈನ ಕುಟುಂಬದಲ್ಲಿ ಜನಿಸಿದ ಅವರು ದೆಹಲಿಯಲ್ಲಿ ಓದಿ, ಕಾನೂನು ವ್ಯಾಸಂಗಕ್ಕೆ ಇಂಗ್ಲೆಂಡಿಗೆ ತೆರಳಿದರು. 1897ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿ, ಈಗಿನ ಉತ್ತರ ಪ್ರದೇಶದ ಹರ್ದೋಯಿಯಲ್ಲಿ ವಕೀಲಿ ವೃತ್ತಿ ನಡೆಸಿ ಹೆಸರು ಗಳಿಸಿದರು. ವೃತ್ತಿಯ ಜೊತೆಗೇ ಧರ್ಮಗಳ ತುಲನಾತ್ಮಕ ಅಧ್ಯಯನ ಸಾಗಿತು. 1915ರಲ್ಲಿ ಅವರ ‘ದಿ ಕೀ ಆಫ್ ನಾಲೆಡ್ಜ್’ ಗ್ರಂಥ ಪ್ರಕಟವಾಯಿತು.

ಆ ಕಾಲದ ನ್ಯಾಯಾಲಯಗಳು, ವಿಶೇಷ ರೂಢಿ ಇದೆಯೆಂದು ಸಾಬೀತುಪಡಿಸದಿದ್ದರೆ, ಜೈನರಿಗೂ ಹಿಂದೂ ಕಾನೂನನ್ನೇ ಅನ್ವಯಿಸುತ್ತಿದ್ದವು. ಮಕ್ಕಳಿಲ್ಲದ ಜೈನ ವಿಧವೆ ಪತಿಯ ಅಪ್ಪಣೆಯಿಲ್ಲದೆ ದತ್ತು ಪಡೆಯಬಹುದು, ಪತಿಯ ಸ್ವಯಾರ್ಜಿತ ಆಸ್ತಿಯ ಮೇಲೆ ಅವಳಿಗೆ ಪೂರ್ಣ ಹಕ್ಕಿದೆ ಎಂಬ ರೂಢಿಯನ್ನು ಪ್ರೀವಿ ಕೌನ್ಸಿಲ್ 1878ರಲ್ಲೇ ಒಪ್ಪಿತ್ತು. ಆದರೂ ರೂಢಿಯನ್ನು ಸಾಕ್ಷಿಗಳ ಮೂಲಕ ಸ್ಥಾಪಿಸುವ ಹೊರೆ ಕಕ್ಷಿದಾರರದೇ ಆಗಿತ್ತು. ಆ ಸಾಕ್ಷ್ಯ ಒದಗಿಸಲಾಗದ ವಿಧವೆಗೆ ಜೀವಿತಾವಧಿಯ ಸೀಮಿತ ಹಕ್ಕು ಮಾತ್ರ ಉಳಿಯುತ್ತಿತ್ತು.

ಹರಿಸಿಂಗ್ ಗೌರ್ ಅವರ ‘ಹಿಂದೂ ಕೋಡ್’ ಗ್ರಂಥ ಜೈನರನ್ನು ಹಿಂದೂ ಧರ್ಮದಿಂದ ಸಿಡಿದವರೆಂದು ಬಣ್ಣಿಸಿದಾಗ ಸಮಾಜದಲ್ಲಿ ಕಳವಳ ಮೂಡಿತು. ಜುಗಮಂದರ್ ಲಾಲ್ ಜೈನಿ ಅವರು ಮೊದಲೇ ಆರಂಭಿಸಿದ್ದ ಕೆಲಸವನ್ನು ಚಂಪತ್ ರಾಯ್ ವಿಸ್ತರಿಸಿದರು. ಭದ್ರಬಾಹು ಸಂಹಿತೆ, ಅರ್ಹನ್ನೀತಿ, ವರ್ಧಮಾನ ನೀತಿ ಮೊದಲಾದ ಗ್ರಂಥಗಳಲ್ಲಿನ ದಾಯಭಾಗ, ದತ್ತಕ, ಸ್ತ್ರೀಧನ ಮತ್ತು ಜೀವನಾಂಶದ ನಿಯಮಗಳನ್ನು ಒಟ್ಟುಗೂಡಿಸಿ 1926ರಲ್ಲಿ ‘ಜೈನ ಲಾ’ ಪ್ರಕಟಿಸಿದರು.

ಅವರ ವಾದದ ತಿರುಳು ಸರಳ. ಶ್ರಾದ್ಧ, ಪಿಂಡದಾನಗಳಿಂದ ಪಿತೃಗಳಿಗೆ ಸದ್ಗತಿ ಎಂಬ ನಂಬಿಕೆ ಜೈನರಿಗಿಲ್ಲ. ಅವರವರ ಕರ್ಮಫಲ ಅವರವರಿಗೆ. ಹಾಗಾಗಿ ಮಗನನ್ನು ಪಡೆಯುವುದು ಪಾರಲೌಕಿಕ ಅಗತ್ಯವಲ್ಲ, ದತ್ತು ಕೇವಲ ಲೌಕಿಕ ವ್ಯವಹಾರ. ಪತಿಯ ನಂತರ ಪತ್ನಿಯೇ ಮೊದಲ ವಾರಸುದಾರಳು, ಆಸ್ತಿಯ ಪೂರ್ಣ ಒಡತಿ ಎಂದು ಅವರು ಜೈನ ನೀತಿಗ್ರಂಥಗಳಿಂದ ತೋರಿಸಿದರು.

1927ರಲ್ಲಿ ವರದಿಯಾದ ಪ್ರಕರಣವೊಂದರಲ್ಲಿ ಮದ್ರಾಸ್ ಹೈಕೋರ್ಟಿನ ಕುಮಾರಸ್ವಾಮಿ ಶಾಸ್ತ್ರಿಯವರು, ಜೈನರು ಹಿಂದೂಗಳಿಂದ ಸಿಡಿದವರಲ್ಲ ಎಂಬುದನ್ನು ಆಧುನಿಕ ಸಂಶೋಧನೆ ತೋರಿಸಿದೆ ಎಂದರು. ಆದರೆ ಹಿಂದಿನ ತೀರ್ಪುಗಳು ಅವರ ಕೈ ಕಟ್ಟಿದ್ದವು.

ಎಲ್ಲ ಜೈನರಿಗೂ ಒಂದೇ ಪದ್ಧತಿ ಇರಲಿಲ್ಲ ಎಂಬುದು ನಮ್ಮ ನಾಡಿನವರಿಗೆ ಗೊತ್ತು. ತುಳುನಾಡಿನ ಅನೇಕ ಜೈನ ಮನೆತನಗಳಲ್ಲಿ ಆಸ್ತಿ ಅಳಿಯಸಂತಾನದಂತೆ ಹೆಣ್ಣಿನ ಸಂತತಿಯಲ್ಲಿ ಸಾಗುತ್ತಿತ್ತು.

ಸಮ್ಮೇದ ಶಿಖರ್ಜಿ ವ್ಯಾಜ್ಯದಲ್ಲಿ ದಿಗಂಬರ ಸಮಾಜದ ಪರವಾಗಿ ದುಡಿದ ಅವರು, ಲಂಡನ್ನಿನಲ್ಲಿ ಜೈನ ಗ್ರಂಥಾಲಯವನ್ನೂ ಸ್ಥಾಪಿಸಿದರು. 1933ರಲ್ಲಿ ಚಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಭಾಗವಹಿಸಿದರು. 1942ರಲ್ಲಿ ನಿಧನರಾದರು.

ಜೈನರಿಗೆ ಪ್ರತ್ಯೇಕ ಕಾನೂನು ಬೇಕೆಂಬ ಅವರ ಆಸೆ ಈಡೇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಆದರೆ ಅದೇ ಕಾಯ್ದೆ ವಿಧವೆಯ ಸೀಮಿತ ಹಕ್ಕನ್ನು ಪೂರ್ಣ ಒಡೆತನವಾಗಿಸಿತು. ಜೈನ ಸ್ತ್ರೀಗೆ ಅದು ಸಲ್ಲಬೇಕೆಂದು ಚಂಪತ್ ರಾಯ್ 30 ವರ್ಷ ಮೊದಲೇ ಬರೆದಿಟ್ಟಿದ್ದರು.