ಹರಕೆಯ ನಾಟಕವನ್ನು ತಿದ್ದಿದ ವಿಚಾರಣಾ ಗುರು

ತಪಸ್ಸುಕಾಲ ಬಂತೆಂದರೆ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಯುವಜನರು ಯೇಸುಸ್ವಾಮಿಯ ಪಾಡುಗಳ ನಾಟಕಕ್ಕೆ ಅಣಿಯಾಗುತ್ತಾರೆ. ರಟ್ಟಿನ ಶಿರಸ್ತ್ರಾಣಗಳು ಸಿದ್ಧವಾಗುತ್ತವೆ. ಪಿಲಾತನ ಪಾತ್ರಕ್ಕೆ ಗಟ್ಟಿ ಕಂಠದವರ ಹುಡುಕಾಟ ನಡೆಯುತ್ತದೆ. ಇಂತಹ ನಾಟಕದ ಹಿಂದೆ ವಿಚಾರಣಾ ಗುರುವಿನ ಹೊಣೆ ಎಷ್ಟು ದೊಡ್ಡದೆಂಬುದನ್ನು ಅರಿಯಲು, ಜರ್ಮನಿಯ ಬವೇರಿಯ ಪ್ರಾಂತ್ಯದ ಓಬರಾಮರ್‌ಗೌ ಎಂಬ ಊರಿನ ಗುರುಗಳಾಗಿದ್ದ ಜೋಸೆಫ್ ಅಲೋಯ್ಸ್ ಡೈಸನ್‌ಬರ್ಗರ್ ಅವರ ಜೀವನವನ್ನು ನಾವು ಒಮ್ಮೆ ಅವಲೋಕಿಸಬೇಕು.

ಆಲ್ಪ್ಸ್ ಪರ್ವತಗಳ ತಪ್ಪಲಿನ ಈ ಊರು ಮರಗೆತ್ತನೆಗೆ ಹೆಸರಾದುದು. ಯೂರೋಪನ್ನು ಮೂವತ್ತು ವರ್ಷಗಳ ಯುದ್ಧ ಸುಡುತ್ತಿದ್ದ ಕಾಲದಲ್ಲಿ, 1633ರಲ್ಲಿ, ಊರಿಗೆ ಪ್ಲೇಗು ಮಾರಿ ಹೊಕ್ಕಿತು. ಆಗ ಹಿರಿಯರೆಲ್ಲ ಸೇರಿ, ಹತ್ತು ವರ್ಷಗಳಿಗೊಮ್ಮೆ ಕ್ರಿಸ್ತರ ಪಾಡುಗಳನ್ನು ಆಡಿ ತೋರಿಸುವುದಾಗಿ ದೇವರಿಗೆ ಹರಕೆ ಹೊತ್ತರು. 1634ರಲ್ಲಿ, ದೇವಾಲಯದ ಪಕ್ಕದ ಸಮಾಧಿ ಭೂಮಿಯಲ್ಲಿ, ಮೊದಲ ಪ್ರದರ್ಶನ ನಡೆಯಿತು. ನಟರೆಲ್ಲರೂ ಊರವರೇ. ಇಂದಿಗೂ ಆ ಊರಿನಲ್ಲಿ ಹುಟ್ಟಿದವರಿಗೆ ಇಲ್ಲವೇ ದೀರ್ಘಕಾಲ ಅಲ್ಲಿ ನೆಲೆಸಿದವರಿಗೆ ಮಾತ್ರ ಪಾತ್ರ ದೊರೆಯುತ್ತದೆ.

ಹರಕೆ ತೀರಿಸುವುದು ಸುಲಭವಾಗಿರಲಿಲ್ಲ. ಪವಿತ್ರ ಕಥೆ ರಂಗಸ್ಥಳಕ್ಕೆ ತಕ್ಕದ್ದಲ್ಲವೆಂದು 1770ರಲ್ಲಿ ಬವೇರಿಯದ ಆಳರಸರು ಇಂತಹ ನಾಟಕಗಳನ್ನು ನಿಷೇಧಿಸಿದರು. ಊರಿಗೆ ಆಸರೆಯಾಗಿದ್ದ ಎಟ್ಟಾಲ್‌ನ ಬೆನೆಡಿಕ್ಟೈನ್ ಮಠವನ್ನು 1803ರಲ್ಲಿ ಸರ್ಕಾರವೇ ಮುಚ್ಚಿತು. ಆ ಮಠದ ಸನ್ಯಾಸಿ ಓಟ್ಮಾರ್ ವೈಸ್ 1811ರಲ್ಲಿ ನಾಟಕವನ್ನು ಗದ್ಯದಲ್ಲಿ ಹೊಸದಾಗಿ ಬರೆದುಕೊಟ್ಟರು. ಊರಿನ ಶಾಲಾ ಉಪಾಧ್ಯಾಯ ರೋಕುಸ್ ಡೆಡ್ಲರ್ ಅದಕ್ಕೆ ಸಂಗೀತ ರಚಿಸಿದರು. ಹೀಗೆ ಹರಕೆ ಉಳಿಯಿತು.

ಡೈಸನ್‌ಬರ್ಗರ್ ಈ ವೈಸ್ ಅವರ ಶಿಷ್ಯರು. ಹತ್ತಿರದ ಓಬರೌ ಗ್ರಾಮದಲ್ಲಿ 1799ರಲ್ಲಿ ಜನಿಸಿದ ಅವರು 1845ರಲ್ಲಿ ಓಬರಾಮರ್‌ಗೌವಿನ ವಿಚಾರಣಾ ಗುರುಗಳಾಗಿ ಬಂದರು. ಬಂದವರು ಊರನ್ನು ಅರಿಯಲು ತೊಡಗಿದರು. ಹಳೆಯ ಕಾಗದಪತ್ರಗಳನ್ನು ಶೋಧಿಸಿ ಊರಿನ ಇತಿಹಾಸವನ್ನೇ ಬರೆದರು. ಹತ್ತು ವರ್ಷಕ್ಕೊಮ್ಮೆ ವೇದಿಕೆ ಹತ್ತುವವನು ನಡುವಿನ ವರ್ಷಗಳಲ್ಲಿ ಕಲಿತದ್ದನ್ನು ಮರೆಯುತ್ತಾನೆಂಬುದನ್ನು ಅವರು ಕಂಡುಕೊಂಡಿದ್ದರು. ಆದುದರಿಂದ ಸಂತರ ಕಥೆಗಳನ್ನೂ ನಾಡಿನ ಇತಿಹಾಸವನ್ನೂ ಆಧರಿಸಿ ನಾಟಕಗಳನ್ನು ರಚಿಸಿ, ರೈತರಿಂದಲೂ ಮರಗೆತ್ತನೆಯವರಿಂದಲೂ ಅಭ್ಯಾಸ ಮಾಡಿಸಿದರು. ಅವರಿಗೆ ರಂಗಸ್ಥಳವು ಊರಿನ ಎರಡನೆಯ ಪಾಠಶಾಲೆಯಾಗಿತ್ತು. 1850ರ ಪ್ರದರ್ಶನವನ್ನು ಕಂಡ ಹೆಸರಾಂತ ನಟ ಎಡ್ವರ್ಡ್ ಡೆವ್ರಿಯೆಂಟ್ ಅದನ್ನು ಮೆಚ್ಚಿ ಪುಸ್ತಕ ಬರೆದ ಮೇಲೆ ಈ ಪುಟ್ಟ ಊರಿನ ಕೀರ್ತಿ ದೂರದೂರಕ್ಕೆ ಹಬ್ಬಿತು.

1860ರ ಪ್ರದರ್ಶನಕ್ಕಾಗಿ ಅವರು ತಮ್ಮ ಗುರುವಿನ ಕೃತಿಯನ್ನೇ ತಿದ್ದಿದರು. ಕಟ್ಟಡ ವೈಸ್ ಅವರದೇ. ಹಳೆಯ ಒಡಂಬಡಿಕೆಯ ಸನ್ನಿವೇಶವೊಂದನ್ನು ನಟರು ಅಲುಗಾಡದೆ ನಿಂತು ಚಿತ್ರದಂತೆ ತೋರಿಸುವರು. ಬಳಿಕ ಶುಭಸಂದೇಶದ ದೃಶ್ಯ ಬರುವುದು. ಯೋಸೇಫನನ್ನು ಅಣ್ಣಂದಿರು ಮಾರುವ ಚಿತ್ರದ ನಂತರ ಯೂದನ ದ್ರೋಹ, ಮನ್ನಾದ ಚಿತ್ರದ ನಂತರ ಕಡೆಯ ಭೋಜನ. ಡೈಸನ್‌ಬರ್ಗರ್ ಸಂಭಾಷಣೆಯನ್ನು ಸರಳಗೊಳಿಸಿ ಶುಭಸಂದೇಶದ ಮಾತಿಗೆ ಹತ್ತಿರ ತಂದರು. ಪೀಠಿಕೆಗಳನ್ನು ಪ್ರಾಚೀನರ ಛಂದಸ್ಸಿನಲ್ಲಿ ಹೊಸದಾಗಿ ರಚಿಸಿದರು.

1870ರಲ್ಲಿ ಫ್ರಾನ್ಸಿನೊಡನೆ ಯುದ್ಧ ಹೂಡಲ್ಪಟ್ಟು ಪ್ರದರ್ಶನ ನಡುವೆಯೇ ನಿಂತಿತು. ಕ್ರಿಸ್ತರ ಪಾತ್ರಧಾರಿ ಜೋಸೆಫ್ ಮಾಯರ್‌ಗೂ ಸೈನ್ಯದ ಕರೆ ಬಂತು. ಮರುವರ್ಷ ನಾಟಕ ಮುಂದುವರಿದಾಗ ಅದನ್ನು ಕಂಡ ದೊರೆ ಎರಡನೆಯ ಲುಡ್ವಿಗ್, ಊರಿಗೆ ಶಿಲುಬೆಯ ಬೃಹತ್ ಶಿಲಾಪ್ರತಿಮೆಗಳನ್ನು ಕೊಡುಗೆಯಾಗಿ ನೀಡಿದರು. ತಮ್ಮ ಜನರೊಡನೆಯೇ ಮುದುಕರಾದ ಗುರುಗಳು 1883ರಲ್ಲಿ ಅಲ್ಲಿಯೇ ದೇವರ ಪಾದ ಸೇರಿದರು.

ಇಲ್ಲಿಗೆ ಲೇಖನವನ್ನು ಮುಗಿಸಿದ್ದರೆ ನಮಗೂ ಹಿತವಾಗುತ್ತಿತ್ತು. ಆದರೆ ಅವರು ತಿದ್ದಿದ ಕೃತಿ ಅವರ ಕಾಲಾನಂತರ ನೂರು ವರ್ಷಗಳ ಮೇಲ್ಪಟ್ಟು ಬಳಕೆಯಲ್ಲಿತ್ತು. ದೇವಾಲಯದಿಂದ ಹೊರದಬ್ಬಲ್ಪಟ್ಟ ವರ್ತಕರು ಸೇಡಿಗಾಗಿ ಪ್ರಧಾನ ಯಾಜಕರೊಡನೆ ಸೇರಿ ಸಂಚು ಹೂಡುವ, ಶುಭಸಂದೇಶದಲ್ಲಿಲ್ಲದ ಕಥಾಭಾಗವನ್ನು ಅವರು ವೈಸ್ ಅವರಿಂದ ಪಡೆದು ಹಾಗೆಯೇ ಉಳಿಸಿದ್ದರು. ನೋಡುವವರ ಕಣ್ಣಿಗೆ ಒಂದು ಜನಾಂಗವೇ ಅಪರಾಧಿಯಾಗಿ ನಿಲ್ಲುತ್ತಿತ್ತು. 1934ರಲ್ಲಿ, ಹರಕೆಯ 300ನೆಯ ವರ್ಷದ ವಿಶೇಷ ಪ್ರದರ್ಶನಕ್ಕೆ ಹಿಟ್ಲರನೇ ಬಂದು ಕುಳಿತನು. ನಾಟ್ಸಿಗಳು ಅದನ್ನು ತಮ್ಮ ಪ್ರಚಾರಕ್ಕೆ ಬಳಸಿಕೊಂಡರು. ಮುಂದೆ ಲಕ್ಷಾಂತರ ಯೆಹೂದ್ಯರಿಗೆ ಒದಗಿದ ಗತಿಯನ್ನು ನೆನೆದರೆ ಮೈ ನಡುಗುತ್ತದೆ.

ಕ್ರಿಸ್ತರ ಮರಣದ ಹೊಣೆಯನ್ನು ಯೆಹೂದ್ಯ ಜನಾಂಗದ ಮೇಲೆ ಹೊರಿಸಲಾಗದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಆದರೂ 1970ರಲ್ಲಿ ಊರವರು ಹಳೆಯ ಕೃತಿಯನ್ನೇ ಹಿಡಿದಾಗ ಧರ್ಮಸಭೆ ತನ್ನ ಅಧಿಕೃತ ಅನುಮತಿಯನ್ನು ತಡೆಹಿಡಿಯಿತು. ಬಳಿಕ ಹಂತ ಹಂತವಾಗಿ ತಿದ್ದುಪಡಿಗಳಾದವು. ಕ್ರಿಸ್ಟಿಯನ್ ಸ್ಟ್ಯುಕ್ಲ್ ಮತ್ತು ಓಟ್ಟೋ ಹೂಬರ್ 2000ದ ಪ್ರದರ್ಶನಕ್ಕೆ ಕೃತಿಯ ಬಹುಭಾಗವನ್ನು ಬದಲಿಸಿದರು. ಇಂದು ಆ ವೇದಿಕೆಯ ಯೇಸು ಯೆಹೂದ್ಯರೊಳಗಿನ ಯೆಹೂದ್ಯರಾಗಿ ಹೀಬ್ರೂ ಭಾಷೆಯಲ್ಲಿ ಪ್ರಾರ್ಥಿಸುತ್ತಾರೆ. ಪ್ಲೇಗಿನಿಂದ ಹುಟ್ಟಿದ ನಾಟಕ ಕೊರೋನಾ ಸಾಂಕ್ರಾಮಿಕದ ಕಾರಣ 2020ರಿಂದ 2022ಕ್ಕೆ ಮುಂದೂಡಲ್ಪಟ್ಟದ್ದೂ ಒಂದು ವಿಚಿತ್ರವೇ.

ಗುರುಮಠದ ತತ್ವಶಾಸ್ತ್ರದ ತರಗತಿಯಲ್ಲಿ ನಾವು ಕಲಿತ ಪಾಠವೊಂದಿದೆ: ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಕಾರ್ಯ ಒಳ್ಳೆಯದಾಗದು, ಮಾಡುವ ಕೆಲಸವೂ ಅದರ ಸಂದರ್ಭವೂ ಒಳ್ಳೆಯವಾಗಿರಬೇಕು. ಡೈಸನ್‌ಬರ್ಗರರ ಉದ್ದೇಶ ಭಕ್ತಿಯದು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಭಕ್ತಿಯಿಂದ ಬರೆದ ಮಾತೂ ಗಾಯ ಮಾಡಬಲ್ಲುದು. ಹಾಗೆಂದು ಅವರ ಕೃತಿಯನ್ನು ತಿದ್ದಿದವರು ಅವರಿಗೆ ಅಗೌರವ ತೋರಿದರೆಂದು ಭಾವಿಸುವುದು ತಪ್ಪು. ಗುರುವಿನ ಮೇಲೆ ಪ್ರೀತಿಯಿದ್ದೂ ಗುರುವಿನ ಕೃತಿಯನ್ನು ತಿದ್ದಬಹುದೆಂಬ ದಾರಿಯನ್ನು 1860ರಲ್ಲಿ ತೋರಿಸಿದವರು ಅವರೇ ಅಲ್ಲವೇ? ಹರಕೆ ಹಳೆಯದಾಗಿಯೇ ಇರಲಿ. ಅದನ್ನು ತೀರಿಸುವ ಮಾತು ಮಾತ್ರ ಪ್ರತಿ ತಲೆಮಾರಿನಲ್ಲಿ ಶುದ್ಧವಾಗಬೇಕು.

ಈ ಬಾರಿ ಶುಭ ಶುಕ್ರವಾರದ ನಾಟಕದ ಹಳೆಯ ಪ್ರತಿಯನ್ನು ಹೊರತೆಗೆಯುವಾಗ ನಾವು ಒಂದು ಸಂಜೆ ಒಟ್ಟಿಗೆ ಕುಳಿತು ಓದೋಣ. ಗುಂಪಿನ ಕೂಗಾಟದಲ್ಲಿ ದೂರದ ಯಾವುದೋ ಜನರ ದನಿಯನ್ನು ಕೇಳದೆ ನಮ್ಮದೇ ದನಿಯನ್ನು ಗುರುತಿಸಿ ನಮ್ಮ ಮಕ್ಕಳು ಮನೆಗೆ ಮರಳಿದರೆ, ಆ ನಾಟಕ ನಿಜವಾದ ಪ್ರಾರ್ಥನೆಯಾಗುವುದು.